ಎಲೆ ಮೇಲಕ್ಕೆ ಮುದುಡಿದೆಯೋ, ಕೆಳಕ್ಕೋ?

"ಗಿಡ ಮುಟುರಾಗೈತ್ರೀ, ಏನರ ಒಂದು ಜೋರಂದು ಔಷಧಿ ಕೊಡ್ರಿ."

ಹಾವೇರಿ, ಗದಗ, ಧಾರವಾಡದ ಕಡೆ ಮೆಣಸಿನಕಾಯಿ ಬೆಳೆ ಎದ್ದು ನಿಲ್ಲುವ ಹೊತ್ತಿಗೆ ಗೊಬ್ಬರದಂಗಡಿಗಳ ಮುಂದೆ ದಿನವೂ ಕೇಳುವ ಮಾತು ಇದು. "ಮೊದಲ ಏನ್ ಹೊಡದಿದ್ರಿ ಯಜಮಾನ್ರ?" ಎಂದು ಅಂಗಡಿಯವರು ಕೇಳುತ್ತಾರೆ. ಹೊಡೆದದ್ದಕ್ಕಿಂತ ದುಬಾರಿಯದೊಂದು ಬಾಟಲಿ ಕೆಳಗಿಳಿಯುತ್ತದೆ. ಎಲೆ ಮೇಲಕ್ಕೆ ಮುದುಡಿದೆಯೋ ಕೆಳಕ್ಕೆ ಮುದುಡಿದೆಯೋ ಎಂದು ಇಬ್ಬರಲ್ಲಿ ಯಾರೂ ಕೇಳುವುದಿಲ್ಲ. ಉತ್ತರ ಇರುವುದು ಆ ಪ್ರಶ್ನೆಯಲ್ಲೇ.

ಕೃಷಿ ವಿಜ್ಞಾನವನ್ನು ರೈತರಿಗೆ ಸರಳವಾಗಿ ತಲುಪಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಸರಳ ಮಾಡುವ ಹೆಸರಲ್ಲಿ ನಾವು ಬರೆಯುವವರು ಕಾರಣವನ್ನೆಲ್ಲ ಕಿತ್ತುಹಾಕಿ, ಔಷಧಿಯ ಹೆಸರು ಮತ್ತು ಲೀಟರಿಗೆ ಎಷ್ಟು ಎಂಬುದನ್ನಷ್ಟೇ ಉಳಿಸುತ್ತಿದ್ದೇವೆ. ನನ್ನ ತಕರಾರು ಅದರ ಮೇಲೆ. ಪ್ರಮಾಣ ಮರೆತರೆ ಲೇಬಲ್ ನೋಡಬಹುದು. ಕಾರಣ ಗೊತ್ತಿಲ್ಲದಿದ್ದರೆ ಯಾವ ಲೇಬಲ್ ನೋಡಬೇಕು ಅನ್ನುವುದೇ ತಿಳಿಯುವುದಿಲ್ಲ.

ತೊಂದರೆ ನಮ್ಮ ಮಾತಿನಿಂದಲೇ ಶುರುವಾಗುತ್ತದೆ. ‘ನುಸಿ’ ಎಂಬ ಪದ ತೆಗೆದುಕೊಳ್ಳಿ. ಬಟ್ಟೆಯ ನಡುವೆ ಇಡುವುದು ನುಸಿಗುಳಿಗೆ. 1998ರ ಸುಮಾರಿಗೆ ಕೇರಳದಲ್ಲಿ ಕಾಣಿಸಿ, ಆಮೇಲೆ ನಮ್ಮ ತೆಂಗಿನ ತೋಟಗಳಿಗೂ ಬಂದು ಕಾಯಿಯ ಸಿಪ್ಪೆ ಗಟ್ಟಿಮಾಡಿದ್ದು ನುಸಿ ಪೀಡೆ. ಮೆಣಸಿನ ಗಿಡದಲ್ಲಿ ಥ್ರಿಪ್ಸ್ ಕೂಡ ನುಸಿ, ಮೈಟ್ ಕೂಡ ನುಸಿ. ಆದರೆ ಥ್ರಿಪ್ಸ್‌ಗೆ ಆರು ಕಾಲು, ಅದು ಕೀಟ. ಮೈಟ್‌ಗೆ ಎಂಟು ಕಾಲು, ಅದು ಜೇಡ, ಉಣ್ಣಿಗಳ ಬಳಗ. ಕೀಟಕ್ಕೆಂದು ಮಾಡಿದ ಎಷ್ಟೋ ಔಷಧಿಗಳು ಮೈಟ್‌ಗೆ ತಟ್ಟುವುದೇ ಇಲ್ಲ. ಸಿಂಥೆಟಿಕ್ ಪೈರಿಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳನ್ನು ಪದೇ ಪದೇ ಹೊಡೆದರಂತೂ ಮೈಟ್ ತಿನ್ನುವ ಪರಭಕ್ಷಕ ಜೀವಿಗಳು ಮೊದಲು ಸಾಯುತ್ತವೆ, ಮೈಟ್ ಇನ್ನೂ ಹೆಚ್ಚುತ್ತದೆ. ಒಂದೇ ಪದದಿಂದ ಎರಡು ಪ್ರಾಣಿಗಳನ್ನು ಕರೆದದ್ದಕ್ಕೆ ರೈತ ದುಡ್ಡು ತೆರುತ್ತಾನೆ. ಅದಕ್ಕೇ ಮುಂದೆ ನಾನು ‘ಥ್ರಿಪ್ಸ್’, ‘ಮೈಟ್’ ಎಂದೇ ಬರೆಯುತ್ತೇನೆ. ಹೊರಗಿನ ಪದಗಳೇ ಇರಬಹುದು, ಆದರೆ ಬೇರೆ ಬೇರೆ ಎಂಬುದನ್ನಾದರೂ ಹೇಳುತ್ತವೆ.

‘ಮುಟುರು ರೋಗ’ ಎಂಬುದೂ ಹೀಗೆಯೇ. ಅದು ಲಕ್ಷಣದ ಹೆಸರು, ಜ್ವರ ಎಂದ ಹಾಗೆ. ಅದರ ಹಿಂದೆ ಕನಿಷ್ಠ ಮೂವರು ಇದ್ದಾರೆ.

ಮೊದಲನೆಯದು ಥ್ರಿಪ್ಸ್. ಒಂದು ಮಿಲಿಮೀಟರ್ ಉದ್ದದ, ಒಣಹುಲ್ಲಿನ ಬಣ್ಣದ, ಸಣ್ಣ ಗೀರಿನಂಥ ಕೀಟ. ಎಳೆ ಎಲೆಯ ಅಡಿಭಾಗವನ್ನು ಕೆರೆದು ರಸ ಹೀರುತ್ತದೆ. ಎಲೆಯ ಅಂಚು ಮೇಲಕ್ಕೆ ಎದ್ದು ದೋಣಿಯಂತಾಗುತ್ತದೆ. ಅಡಿಯಲ್ಲಿ ನರದ ಉದ್ದಕ್ಕೆ ಬೆಳ್ಳಿ ಬಣ್ಣದ, ಆಮೇಲೆ ಕಂದು ತಿರುಗುವ ಗೀರುಗಳು ಕಾಣುತ್ತವೆ. ಒಣ ಹವೆ ಇದಕ್ಕೆ ಹಬ್ಬ.

ಎರಡನೆಯದು ಹಳದಿ ಮೈಟ್. ಬರಿಗಣ್ಣಿಗೆ ಕಾಣುವುದಿಲ್ಲ, ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು ಅಷ್ಟೆ. ಇದು ಬಂದರೆ ಎಲೆಯ ಅಂಚು ಕೆಳಕ್ಕೆ ಬಾಗುತ್ತದೆ, ದೋಣಿ ಮಗುಚಿದ ಹಾಗೆ. ಎಳೆ ಎಲೆ ಕಿರಿದಾಗಿ ಬಿರುಸಾಗುತ್ತದೆ, ತೊಟ್ಟು ಮಾತ್ರ ಇಲಿಯ ಬಾಲದಂತೆ ಉದ್ದ ಬೆಳೆಯುತ್ತದೆ. ಮೋಡ, ತೇವ ಇದ್ದಾಗ ಜಾಸ್ತಿ. ಹವೆ ಒಗ್ಗಿದರೆ ಮೊಟ್ಟೆಯಿಂದ ಮೊಟ್ಟೆಗೆ ಒಂದು ವಾರವೂ ಬೇಡ. ಇನ್ನೊಂದು ಸಂಗತಿ ಕೇಳಿದರೆ ಅಚ್ಚರಿಯಾಗುತ್ತದೆ: ಈ ಮೈಟ್ ಬಿಳಿನೊಣದ ಕಾಲು ಹಿಡಿದು ಗಿಡದಿಂದ ಗಿಡಕ್ಕೆ ಸವಾರಿ ಮಾಡುತ್ತದೆ. ಬಿಳಿನೊಣ ತುಂಬಿದ ಹೊಲದಲ್ಲಿ ಮೈಟ್ ಅಷ್ಟು ಬೇಗ ಹಬ್ಬುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ನಂಜು, ಅಂದರೆ ವೈರಸ್. ಅದನ್ನು ತರುವುದೂ ಬಿಳಿನೊಣ. ಇಲ್ಲೂ ಎಲೆ ಮೇಲಕ್ಕೆ ಮುದುಡುವುದರಿಂದ ಥ್ರಿಪ್ಸ್ ಎಂದು ಮೋಸ ಹೋಗುವುದು ಸುಲಭ. ವ್ಯತ್ಯಾಸ ಹೀಗಿದೆ: ನಂಜಿನಲ್ಲಿ ನರಗಳು ದಪ್ಪಗಾಗಿ ಉಬ್ಬುತ್ತವೆ, ನರಗಳ ನಡುವೆ ಹಳದಿ ಬರುತ್ತದೆ, ಗೆಣ್ಣುಗಳು ಹತ್ತಿರವಾಗಿ ಸಣ್ಣ ಎಲೆಗಳೆಲ್ಲ ಗೊಂಚಲಾಗಿ ಗಿಡ ಕುಳ್ಳಗೇ ನಿಲ್ಲುತ್ತದೆ. ಅಡಿಭಾಗದಲ್ಲಿ ಬೆಳ್ಳಿ ಗೀರು ಇರುವುದಿಲ್ಲ. ಮೊದಮೊದಲು ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಹೀಗಾಗುತ್ತದೆ.

ನಂಜು ಹತ್ತಿದ ಗಿಡಕ್ಕೆ ಯಾವ ಔಷಧಿಯೂ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಂಜು ಒಳಹೊಕ್ಕು ದಿನಗಳು ಕಳೆದ ಮೇಲೆ ಲಕ್ಷಣ ಕಾಣುವುದರಿಂದ, ಎಲೆ ನೋಡಿ ಪಂಪ್ ಹೆಗಲಿಗೇರಿಸುವಷ್ಟರಲ್ಲಿ ತಡವಾಗಿರುತ್ತದೆ. ನಂಜನ್ನು ತಡೆಯುವ ಕೆಲಸ ಸಸಿಮಡಿಯಿಂದಲೇ ಶುರುವಾಗಬೇಕು: ಮಡಿಯ ಮೇಲೆ 50 ಮೆಶ್‌ನ (ಇಂಚಿಗೆ 50 ಕಣ್ಣಿನ) ನೈಲಾನ್ ಪರದೆ, ನಾಟಿಗೆ ಎರಡು ಮೂರು ವಾರ ಮೊದಲೇ ಹೊಲದ ಸುತ್ತ ಎರಡು ಮೂರು ಸಾಲು ಜೋಳ ಅಥವಾ ಮೆಕ್ಕೆಜೋಳ, ಮೊದಲ ತಿಂಗಳಲ್ಲಿ ಕಂಡ ನಂಜಿನ ಗಿಡವನ್ನು ಕಿತ್ತು ಹೊಲದಿಂದ ಆಚೆ ಹೂಳುವುದು. ಪರದೆಯನ್ನು ಬಿಗಿಯಾಗಿ ಕಟ್ಟಿ, ನೀರು ಹಾಕಲು ಒಂದು ಬದಿ ಎತ್ತಿದವರು ಹಾಗೇ ಬಿಟ್ಟು ಹೋಗುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು. ಪರದೆ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಸಾಧ್ಯತೆಯನ್ನೂ ಮರೆಯಬಾರದು. ಪಕ್ಕದ ಹೊಲದ ಜೋಳಕ್ಕೆ 2,4-ಡಿ ಕಳೆನಾಶಕ ಹೊಡೆದಾಗ ಗಾಳಿಗೆ ತೂರಿ ಬಂದರೆ, ಇಲ್ಲವೇ ಅದೇ ಪಂಪನ್ನು ಸರಿಯಾಗಿ ತೊಳೆಯದೆ ಮೆಣಸಿನ ಗಿಡಕ್ಕೆ ಬಳಸಿದರೆ, ಎಲೆ ಪಟ್ಟಿಯಂತೆ ಕಿರಿದಾಗಿ ತಿರುಚಿಕೊಳ್ಳುತ್ತದೆ. ಒಂದೇ ಬದಿಯ ಸಾಲುಗಳಲ್ಲಿ, ಒಂದೇ ದಿನ, ಎಲ್ಲ ಗಿಡಕ್ಕೂ ಹಾಗಾಗಿದ್ದರೆ ಹುಳ ಹುಡುಕುತ್ತ ಕೂರಬೇಡಿ. ಕಳೆನಾಶಕಕ್ಕೆ ಬೇರೆಯೇ ಪಂಪ್ ಇಟ್ಟುಕೊಳ್ಳಿ.

ಈಗ ನೋಡುವ ವಿಧಾನ. ಬೆಳಿಗ್ಗೆ ಬಿಸಿಲೇರುವ ಮೊದಲು ಹೊಲಕ್ಕೆ ಹೋಗಿ ಐದು ಕಡೆ, ಒಂದೊಂದು ಕಡೆ ಹತ್ತು ಗಿಡ ನೋಡಿ. ಬದುವಿನ ಪಕ್ಕದ ಗಿಡಗಳನ್ನಷ್ಟೇ ನೋಡಿ ಬಂದರೆ ಲೆಕ್ಕ ತಪ್ಪುತ್ತದೆ. ಬಿಳಿ ಕಾಗದವನ್ನು ರಟ್ಟಿಗೆ ಅಂಟಿಸಿ ಕುಡಿಯ ಕೆಳಗೆ ಹಿಡಿದು, ಕುಡಿಯನ್ನು ಮೂರು ಸಲ ಬೆರಳಿನಿಂದ ತಟ್ಟಿ. ಸಣ್ಣ ಗೀರುಗಳು ಎದ್ದು ಓಡಿದರೆ ಥ್ರಿಪ್ಸ್. ಗಿಡ ಅಲುಗಾಡಿಸಿದಾಗ ಬಿಳಿ ಪುಡಿ ಹಾರಿದಂತೆ ಕಂಡರೆ ಬಿಳಿನೊಣ. ಕಾಗದದ ಮೇಲೆ ಏನೂ ಬೀಳದೆ, ಎಲೆ ಮಾತ್ರ ಕೆಳಕ್ಕೆ ಬಾಗಿದ್ದರೆ ಮಸೂರ ಹೊರತೆಗೆಯಬೇಕು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಅಕ್ಕಸಾಲಿಗರು, ವಾಚ್ ರಿಪೇರಿಯವರು ಬಳಸುತ್ತಾರಲ್ಲ, ಅಂಥದ್ದು. ಅದನ್ನು ಓದುವ ಭೂತಗನ್ನಡಿಯಂತೆ ದೂರ ಹಿಡಿದರೆ ಏನೂ ಕಾಣುವುದಿಲ್ಲ. ಮಸೂರ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು. ಎಲೆಯನ್ನೇ ನಿಧಾನಕ್ಕೆ ಅದರ ಹತ್ತಿರ ತರಬೇಕು. ಎರಡೂವರೆ ಸೆಂಟಿಮೀಟರ್, ಅಂದರೆ ಹೆಬ್ಬೆರಳಿನ ಅಗಲಕ್ಕೆ ಬಂದಾಗ ಚಿತ್ರ ತಟ್ಟನೆ ಸ್ಪಷ್ಟವಾಗುತ್ತದೆ. ಕುಡಿಯಿಂದ ಮೂರನೇ ನಾಲ್ಕನೇ ಎಲೆಯ ಅಡಿಭಾಗ ನೋಡಿ. ಅಲ್ಲಿ ಗಾಜಿನ ಹನಿಯಂಥ, ಮೈಮೇಲೆ ಸಾಲು ಸಾಲಾಗಿ ಬಿಳಿ ಚುಕ್ಕೆಯಿರುವ ಮೊಟ್ಟೆ ಕಂಡರೆ ಅದು ಹಳದಿ ಮೈಟ್‌ನದು. ಅದನ್ನು ಒಮ್ಮೆ ಕಂಡವರಿಗೆ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಬಂದವರ ಕೈಗೆ ಕರಪತ್ರದ ಜೊತೆ ಹತ್ತು ನಿಮಿಷ ಒಂದು ಮಸೂರ ಕೊಟ್ಟರೆ, ಆ ಕರಪತ್ರದ ಬೆಲೆ ಹತ್ತು ಪಟ್ಟಾಗುತ್ತದೆ ಎಂದು ನಾನು ನಂಬುತ್ತೇನೆ.

ಇನ್ನು "ಹೊಡೆದ ನಾಲ್ಕು ದಿನಕ್ಕೆ ಮತ್ತೆ ಬಂತು, ಔಷಧಿ ನಕಲಿ" ಎಂಬ ದೂರು. ಕೆಲವೊಮ್ಮೆ ನಿಜವೇ ಇರಬಹುದು. ಆದರೆ ಥ್ರಿಪ್ಸ್ ಮೊಟ್ಟೆಯನ್ನು ಎಲೆಯ ಮೇಲಿಡುವುದಿಲ್ಲ, ಎಲೆಯನ್ನು ಕೊಯ್ದು ಒಳಗೆ ತುರುಕುತ್ತದೆ. ಅಲ್ಲಿಗೆ ಸಿಂಪರಣೆ ಮುಟ್ಟುವುದಿಲ್ಲ. ಬೆಳೆದ ಮರಿಗಳಲ್ಲಿ ಬಹುಪಾಲು ಗಿಡದಿಂದ ಇಳಿದು ಮಣ್ಣಲ್ಲಿ, ತರಗೆಲೆಯಲ್ಲಿ ಕೋಶವಾಗುತ್ತವೆ. ಅಲ್ಲಿಗೂ ಮುಟ್ಟುವುದಿಲ್ಲ. ನೀವು ಕೊಂದದ್ದು ಆ ಹೊತ್ತಿಗೆ ಎಲೆಯ ಮೇಲಿದ್ದವನ್ನು ಮಾತ್ರ. ಹಾಗಾಗಿ ಡೋಸ್ ಎರಡು ಪಟ್ಟು ಮಾಡಿ ಫಲವಿಲ್ಲ. ಏಳರಿಂದ ಹತ್ತು ದಿನ ಬಿಟ್ಟು ಮತ್ತೆ ಕಾಗದ ತಟ್ಟಿ ನೋಡಿ, ಇನ್ನೂ ಇದ್ದರೆ ಬೇರೆ ಗುಂಪಿನ ಔಷಧಿ ಹೊಡೆಯಬೇಕು. ಬೇರೆ ಗುಂಪು ಎಂದರೆ ಬೇರೆ ಕಂಪನಿಯಲ್ಲ, ಹುಳವನ್ನು ಬೇರೆ ರೀತಿಯಲ್ಲಿ ಕೊಲ್ಲುವ ರಾಸಾಯನಿಕ. ಬಾಟಲಿಯ ಮೇಲೆ ದಪ್ಪಕ್ಷರದಲ್ಲಿರುವುದು ವ್ಯಾಪಾರಿ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ರಾಸಾಯನಿಕದ ಹೆಸರು ಮತ್ತು ಶೇಕಡಾವಾರು ಇರುತ್ತದೆ. ಮೂರು ಕಂಪನಿಯ ಮೂರು ಬಾಟಲಿಯಲ್ಲಿ ಒಂದೇ ರಾಸಾಯನಿಕ ಇರುವುದು ತೀರಾ ಸಾಮಾನ್ಯ.

ಲೇಬಲ್ಲಿನ ತ್ರಿಕೋನದ ಬಣ್ಣದ ಬಗ್ಗೆಯೂ ಇದೇ ಗೊಂದಲ. ಕೆಂಪು, ಹಳದಿ, ನೀಲಿ, ಹಸಿರು ಎಂಬುದು ಮನುಷ್ಯನಿಗೆ ಎಷ್ಟು ವಿಷ ಎಂಬುದರ ಇಳಿಕೆಯ ಕ್ರಮ. ಕೆಂಪು ಅಂದರೆ ಹುಳಕ್ಕೆ ಜೋರು ಎಂದು ಹುಡುಕಿಕೊಂಡು ಹೋಗುವವರಿದ್ದಾರೆ. ಆ ಜೋರು ಹೊಡೆಯುವವರ ಮೈಗೆ.

ಪ್ರಮಾಣವನ್ನೂ ಹೇಳಿಬಿಡುತ್ತೇನೆ. ಥ್ರಿಪ್ಸ್‌ಗೆ ಸ್ಪಿನೋಸ್ಯಾಡ್ 45 ಎಸ್‌ಸಿ (ಶೇ. 45ರ ದ್ರವರೂಪ) ಲೀಟರಿಗೆ 0.3 ಮಿ.ಲೀ. ಅಂದರೆ 16 ಲೀಟರ್ ಪಂಪಿಗೆ 4.8 ಮಿ.ಲೀ. ಮುಚ್ಚಳದಲ್ಲಿ ಅಳೆದರೆ ಇದು ಎಂದಿಗೂ ಸರಿಬರುವುದಿಲ್ಲ. ಮೆಡಿಕಲ್ ಶಾಪಿನ 5 ಮಿ.ಲೀ. ಸಿರಿಂಜನ್ನು ಸೂಜಿ ತೆಗೆದು ಇದಕ್ಕೆಂದೇ ಇಟ್ಟುಕೊಳ್ಳಿ. ಮೈಟ್‌ಗೆ ನೀರಲ್ಲಿ ಕರಗುವ ಗಂಧಕ ಶೇ. 80 ಲೀಟರಿಗೆ 3 ಗ್ರಾಂ, ಪಂಪಿಗೆ 48 ಗ್ರಾಂ. ಹೆಚ್ಚಾಗಿದ್ದರೆ ಸ್ಪೈರೋಮೆಸಿಫೆನ್ 22.9 ಎಸ್‌ಸಿ ಲೀಟರಿಗೆ 0.8 ಮಿ.ಲೀ. ಗಂಧಕವನ್ನು ಸುಡುಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದು ಎರಡು ವಾರದೊಳಗೆ ಹೊಡೆದರೂ ಅಷ್ಟೆ. ಯಾವುದೇ ಔಷಧಿಯಾಗಲಿ, ಶತ್ರು ಇರುವುದು ಎಲೆಯ ಅಡಿಯಲ್ಲಿ. ನಾಝಲ್ ಕೆಳಗಿನಿಂದ ಮೇಲಕ್ಕೆ ತಿರುಗಿರಬೇಕು. ನಿಂತು ಮೇಲಿನಿಂದ ತೋಯಿಸಿದರೆ ಎಲೆಯ ಮೇಲ್ಭಾಗವನ್ನಷ್ಟೇ ತೊಳೆದಂತೆ.

ಬೇವಿಗೆ ಕೆಟ್ಟ ಹೆಸರು ಬಂದದ್ದೂ ಕಾರಣ ಹೇಳದೆ ಇದ್ದುದರಿಂದಲೇ. ಬೇವಿನ ಬೀಜದ ಕಷಾಯ ಹುಳವನ್ನು ಬಡಿದು ಬೀಳಿಸುವುದಿಲ್ಲ. ತಿನ್ನದಂತೆ, ಪೊರೆ ಕಳಚದಂತೆ ತಡೆಯುತ್ತದೆ. ಮಾರನೇ ಬೆಳಿಗ್ಗೆ ಹೋಗಿ ಸತ್ತ ಹುಳ ಹುಡುಕಿದರೆ ಸಿಗುವುದಿಲ್ಲ, ಐದಾರು ದಿನ ಬಿಟ್ಟು ನೋಡಬೇಕು. 5 ಕಿಲೋ ಬೀಜದ ತಿರುಳನ್ನು ಕುಟ್ಟಿ 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರಿಗೆ ಏರಿಸಿ, ಅಂಟಿಕೊಳ್ಳಲು ಸ್ವಲ್ಪ ಸೋಪು ಬೆರೆಸಿದರೆ ಶೇ. 5ರ ಕಷಾಯ. ಅದರ ಸತ್ವ ಬಿಸಿಲಿಗೆ ಬೇಗ ಒಡೆಯುತ್ತದೆ, ಆದ್ದರಿಂದ ಸಂಜೆಯೇ ಹೊಡೆಯಬೇಕು. ಹಳೆಯ, ಬೂಷ್ಟು ಹಿಡಿದ ಬೀಜದಲ್ಲಿ ಸತ್ವವೇ ಇರುವುದಿಲ್ಲ.

ಕಾರಣ ಗೊತ್ತಿಲ್ಲದೆ ಹೊಡೆದರೆ ಏನಾಗುತ್ತದೆ ಎಂಬುದನ್ನು 2021ರ ಹಂಗಾಮು ತೋರಿಸಿತು. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಕಪ್ಪು ಥ್ರಿಪ್ಸ್, 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ದಾಖಲಾಗಿದ್ದದ್ದು, ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳಿಗೆ ನುಗ್ಗಿತು. ಹಳೆಯ ಥ್ರಿಪ್ಸ್ ಕುಡಿಯಲ್ಲಿ, ಎಲೆಯ ಅಡಿಯಲ್ಲಿ ಇರುವಂಥದ್ದು. ಇದು ಹೂವಿನೊಳಗೆ ಗುಂಪುಗಟ್ಟಿ ಕೂರುವಂಥದ್ದು. ಎಲೆ ನೋಡಿ ಅಭ್ಯಾಸವಾದವರಿಗೆ ಹೂ ಉದುರುವವರೆಗೂ ಗೊತ್ತಾಗಲಿಲ್ಲ. ಆಮೇಲೆ ಗಾಬರಿಯಲ್ಲಿ ಮೂರು ನಾಲ್ಕು ಔಷಧಿ ಬೆರೆಸಿ ಎರಡು ಮೂರು ದಿನಕ್ಕೊಮ್ಮೆ ಹೊಡೆದರು. ಥ್ರಿಪ್ಸ್ ತಿನ್ನುವ ಮಿತ್ರ ತಿಗಣೆಗಳೂ ಗುಲಗಂಜಿ ಹುಳಗಳೂ ಹೋದವು. ಯೂರಿಯಾ ಜಾಸ್ತಿ ಕೊಟ್ಟು ಸೊಕ್ಕಿದ ಹೊಲದಲ್ಲಿ ಹಾವಳಿ ಇನ್ನೂ ಹೆಚ್ಚು. ಹೂ ಬಿಡುವ ಕಾಲದಲ್ಲಿ ವಾರಕ್ಕೊಮ್ಮೆ ಹತ್ತು ಹೂಗಳನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡುವುದು, ಗಿಡದ ಎತ್ತರಕ್ಕೆ ನೀಲಿ ಅಂಟುಬಲೆ ಕಟ್ಟುವುದು, ಜೇನು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸುವುದು, ಇಷ್ಟನ್ನು ಮೊದಲೇ ಅಭ್ಯಾಸ ಮಾಡಿಕೊಂಡಿದ್ದರೆ ಎಚ್ಚರ ಎರಡು ವಾರ ಮುಂಚೆ ಬರುತ್ತಿತ್ತು. ಅಂಟುಬಲೆ ಹಳದಿಯದಾದರೆ ಬಿಳಿನೊಣಕ್ಕೆ, ನೀಲಿಯದಾದರೆ ಥ್ರಿಪ್ಸ್‌ಗೆ. ಅದು ಹುಳ ಮುಗಿಸುವ ಸಾಧನಕ್ಕಿಂತ ಹೆಚ್ಚಾಗಿ, ಹುಳ ಬಂತು ಎಂದು ಹೇಳುವ ಸಾಧನ.

ಕೊನೆಗೆ ದುಡ್ಡು ಹೆಚ್ಚು ಪೋಲಾಗುವ ಜಾಗ. ಒಮ್ಮೆ ಮುದುಡಿದ ಎಲೆ ಸರಿಯಾದ ಔಷಧಿ ಬಿದ್ದರೂ ಬಿಚ್ಚಿಕೊಳ್ಳುವುದಿಲ್ಲ. ಅದನ್ನೇ ನೋಡಿ "ಕಡಿಮೆಯಾಗಿಲ್ಲ" ಎಂದು ಮತ್ತೆ ಹೊಡೆಯುತ್ತಾರೆ. ಸಿಂಪಡಿಸಿದ ದಿನ ಹೊಲದ ಬೇರೆ ಬೇರೆ ಕಡೆ ಹತ್ತು ಗಿಡ ಆರಿಸಿ, ಕುಡಿಯ ಬುಡಕ್ಕೆ ಕೆಂಪು ದಾರ ಸಡಿಲವಾಗಿ ಕಟ್ಟಿ. ಎಂಟು ಹತ್ತು ದಿನ ಬಿಟ್ಟು ಹೋಗಿ ದಾರದ ಮೇಲಿನ ಎಲೆಗಳನ್ನು ಮಾತ್ರ ನೋಡಿ. ಅವು ಅಗಲವಾಗಿ, ಚಪ್ಪಟೆಯಾಗಿ ಬಂದಿದ್ದರೆ ಪಂಪ್ ಮೂಲೆಯಲ್ಲೇ ಇರಲಿ. ದಾರದ ಮೇಲಿನ ಎಲೆಯೂ ಕೆಳಕ್ಕೆ ಬಾಗಿದ್ದರೆ ಮಸೂರ ಹಿಡಿದು ಮೈಟ್ ಹುಡುಕಿ. ಹುಳವೇ ಇಲ್ಲದೆ ನರ ಉಬ್ಬಿ ಗೊಂಚಲಾಗಿದ್ದರೆ ಅದು ನಂಜು, ಆ ಗಿಡ ಕೀಳಿ.

ವಾಟ್ಸಾಪಿನಲ್ಲಿ ಯಾರನ್ನಾದರೂ ಕೇಳುವುದಿದ್ದರೆ ಮಂಜಾದ ಒಂದೇ ಎಲೆಯ ಫೋಟೊ ಕಳಿಸಬೇಡಿ. ನಾಲ್ಕು ತೆಗೆಯಿರಿ: ಬದುವಿನ ಮೇಲೆ ನಿಂತು ಇಡೀ ಹೊಲ, ಬುಡದಿಂದ ತುದಿಯವರೆಗೆ ಒಂದು ಗಿಡ, ಕುಡಿ, ಮತ್ತು ಎಲೆಯ ಅಡಿಭಾಗ. ಕೊನೆಯದರಲ್ಲಿ ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಡಿ, ಗಾತ್ರ ಗೊತ್ತಾಗುತ್ತದೆ. ಎಷ್ಟನೇ ದಿನದ ಬೆಳೆ, ಕಳೆದ ಹದಿನೈದು ದಿನದಲ್ಲಿ ಯಾವ ರಾಸಾಯನಿಕ ಹೊಡೆದಿರಿ ಎಂಬುದನ್ನು ಬಾಟಲಿಯ ಸಣ್ಣ ಅಕ್ಷರ ನೋಡಿ ಬರೆಯಿರಿ.