ನಾನೂರಿಪ್ಪತ್ತು ರಿಟೈರ್ ಆದ ಮೇಲೆ

ಮೊನ್ನೆ ಪೇಪರ್‌ನಲ್ಲಿ ಮತ್ತೆ ಅದೇ ಸುದ್ದಿ. ವಾಟ್ಸಾಪ್ ಗ್ರೂಪು, ಷೇರು, ದುಪ್ಪಟ್ಟು ಲಾಭ, ಕೊನೆಗೆ ಫೋನ್ ಸ್ವಿಚ್ ಆಫ್. ನೀವೂ ಓದಿರುತ್ತೀರಿ. ಓದಿಲ್ಲ ಅಂದರೂ ಚಿಂತೆಯಿಲ್ಲ, ಮುಂದಿನ ವಾರ ಊರಿನ ಹೆಸರು ಬದಲಾಯಿಸಿ ಮತ್ತೆ ಹಾಕುತ್ತಾರೆ. ನನ್ನ ಕಣ್ಣು ನಿಂತದ್ದು ಹೆಸರುಗಳ ಮೇಲೆ. ಸರ ಕಿತ್ತುಕೊಂಡು ಓಡಿದವನು 'ಖತರ್ನಾಕ್ ಖದೀಮ'. ಪಕ್ಕದ ಕಾಲಂನಲ್ಲೇ ಕೋಟಿ ನುಂಗಿದವನು 'ಕಂಪನಿಯ ನಿರ್ದೇಶಕ'. ನುಂಗಿದ ಮೇಲೂ ನಿರ್ದೇಶಕನೇ.

ಸಂಜೆ ಮಂಡಕ್ಕಿ ಅಂಗಡಿ ಮುಂದೆ ನಮ್ಮ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರಿಗೆ ಇದನ್ನು ಹೇಳಿದೆ. ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮುಂದಿದ್ದರೆ ಬಗೆಹರಿಯದ ಸಮಸ್ಯೆ ಅಂತ ಯಾವುದೂ ಇಲ್ಲ. "ಅಕ್ಕಿಗೂ ಅನ್ನಕ್ಕೂ ಒಂದೇ ಪದ ಇಟ್ಕೊಂಡ ಜನ ಕಣ್ರೀ ಈ ಇಂಗ್ಲಿಷಿನವರು. ಮೋಸಗಾರಂಗೆ ಮಾತ್ರ ನೂರು ಇಟ್ಟಿದಾರೆ" ಅಂದರು ಮೇಷ್ಟ್ರು. ಅಲ್ಲಿಂದ ಶುರುವಾಯಿತು ಪಾಠ.

'ಮೌಂಟಿಬ್ಯಾಂಕ್' ಅಂತ ಒಂದು ಪದವಿದೆ. ಬ್ಯಾಂಕು ಅಂದ ಕೂಡಲೇ ನನಗೆ ಅರ್ಥವಾಯಿತು ಅಂದುಕೊಂಡೆ. ಅಲ್ಲವಂತೆ. ಇಟಾಲಿಯನ್ ಭಾಷೆಯಲ್ಲಿ ಬೆಂಚು ಹತ್ತಿದವನು ಅಂತ ಅರ್ಥ. ಸಂತೆಯಲ್ಲಿ ಬೆಂಚಿನ ಮೇಲೆ ನಿಂತು ಸಕಲ ರೋಗಕ್ಕೂ ಒಂದೇ ಔಷಧಿ ಮಾರುವವನು. ನಕಲಿ ವೈದ್ಯನಿಗೆ 'ಕ್ವಾಕ್' ಅನ್ನುವುದು ಡಚ್ಚರಿಂದ ಬಂದದ್ದು. ಅದೂ ಕೂಗಿ ಕೂಗಿ ಮುಲಾಮು ಮಾರುವವನೇ. ನನಗೆ ತಕ್ಷಣ ನೆನಪಾದದ್ದು ನಮ್ಮ ಸಂತೆಯ ಹಾವು-ಮುಂಗುಸಿಯವನು. 'ಈಗ ಬಿಡ್ತೀನಿ, ಈಗ ಬಿಡ್ತೀನಿ' ಅಂತ ಎರಡು ತಾಸು ನಿಲ್ಲಿಸುತ್ತಿದ್ದ. ಬುಟ್ಟಿ ಅಲ್ಲಾಡುತ್ತಿತ್ತು. ಮುಂಗುಸಿ ಗೂಟಕ್ಕೆ ಕಟ್ಟಿಸಿಕೊಂಡು ಆಕಳಿಸುತ್ತಿತ್ತು. ಅಷ್ಟರಲ್ಲಿ ಹಲ್ಲುಪುಡಿಯೂ ಮಂಡಿನೋವಿನ ಎಣ್ಣೆಯೂ ಖಾಲಿ. ಹಾವು-ಮುಂಗುಸಿ ಜಗಳ ನೋಡಿದವರು ಯಾರಾದರೂ ಇದ್ದರೆ ತಿಳಿಸಿ, ಸನ್ಮಾನ ಮಾಡೋಣ. ಆದರೂ ಅವನ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ರೂಪಾಯಿಗೆ ಎರಡು ತಾಸಿನ ಆಟ ತೋರಿಸಿದ. ಈಗಿನವರು ಹೋಟೆಲ್ ಹಾಲ್‌ನಲ್ಲಿ ಕೋಟು ಹಾಕಿ ನಿಲ್ಲುತ್ತಾರೆ. ಬುಟ್ಟಿಯೂ ಇಲ್ಲ, ಮುಂಗುಸಿಯೂ ಇಲ್ಲ. ಬರೀ ಪ್ರೊಜೆಕ್ಟರ್.

"ವಿಲನ್ ಅಂದ್ರೆ ಮೊದ್ಲು ಯಾರು ಗೊತ್ತೇನ್ರೀ?" ಅಂದರು ಮೇಷ್ಟ್ರು. ಲ್ಯಾಟಿನ್‌ನಲ್ಲಿ ವಿಲ್ಲಾ ಅಂದರೆ ಜಮೀನಿನ ನಡುವಿನ ದೊಡ್ಡ ಮನೆ. ಅಲ್ಲಿ ದುಡಿಯುವ ರೈತಾಪಿಯವನು ವಿಲನ್. ಅಂದರೆ ವಿಲ್ಲಾದಲ್ಲಿ ದುಡಿದವನು ಕೇಡಿಯಾದ, ವಿಲ್ಲಾ ಕಟ್ಟಿಸಿಕೊಂಡವನು ಏನೂ ಆಗಲಿಲ್ಲ. ಈಗ ವಿಲ್ಲಾ ಮಾರುವವನಿಗೆ ಡೆವಲಪರ್ ಅಂತ ಹೆಸರು. ಜಗಳೂರಿನ ಮೆಕ್ಕೆಜೋಳದ ರೈತ ಇದನ್ನು ಕೇಳಿದರೆ ನಗುತ್ತಾನೋ ಅಳುತ್ತಾನೋ.

'ನೇವ್' ಅನ್ನುವುದೂ ಹಾಗೇ. ಮೊದಲು ಸುಮ್ನೆ ಹುಡುಗ, ಆಮೇಲೆ ಆಳು ಹುಡುಗ, ಆಮೇಲೆ ಠಕ್ಕ. ಇಸ್ಪೀಟಿನ ನಮ್ಮ ಗುಲಾಮನಿಗೆ ಅವರು ಇಟ್ಟ ಹಳೇ ಹೆಸರು ಇದೇ. ಜೋಕರ್ ಮಾತ್ರ ತಡವಾಗಿ ಬಂದವನು. 1860ರ ದಶಕದಲ್ಲಿ ಅಮೆರಿಕದವರು ಯೂಕರ್ ಅನ್ನುವ ಆಟಕ್ಕೆ ಎಲ್ಲ ಎಲೆಗಿಂತ ದೊಡ್ಡ ಎಲೆ ಬೇಕು ಅಂತ ಸೇರಿಸಿಕೊಂಡರು. ರಾಜನ ಮೇಲೊಬ್ಬ ಜೋಕರ್. ಉದಾಹರಣೆ ಬೇಕಿದ್ದರೆ ಟಿವಿ ಹಾಕಿ.

'ಥಗ್' ಅಂತೂ ನಮ್ಮ ಕಡೆಯಿಂದಲೇ ಹೋದ ಪದ. ನಮ್ಮ ಠಕ್ಕನ ಹಿಂದಿ ದಾಯಾದಿ. ಅದನ್ನು ಕೊಂಡುಹೋದವರು ಯಾರು? ವ್ಯಾಪಾರಕ್ಕೆ ಅಂತ ಬಂದು ದೇಶವನ್ನೇ ಹೊಡೆದುಕೊಂಡವರು. ಅವರ ಹೆಸರು ಏನಿತ್ತು? ಆನರಬಲ್ ಈಸ್ಟ್ ಇಂಡಿಯಾ ಕಂಪನಿ. ಗೌರವಾನ್ವಿತ!

ನಮ್ಮಲ್ಲೂ ಪದಕ್ಕೆ ಬರಗಾಲವಿಲ್ಲ ಬಿಡಿ. ಟೋಪಿ ಹಾಕುತ್ತೇವೆ, ಪಂಗನಾಮ ಎಳೆಯುತ್ತೇವೆ, ಕಿವಿ ಮೇಲೆ ಹೂ ಇಡುತ್ತೇವೆ. ರೈಲೂ ಬಿಡುತ್ತೇವೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗಕ್ಕೆ 2011-12ರಲ್ಲಿ ಒಪ್ಪಿಗೆ ಸಿಕ್ಕಿತು. ಅವತ್ತಿನಿಂದ ಪಕ್ಷಭೇದವಿಲ್ಲದೆ ಎಲ್ಲರೂ ಬಿಡುತ್ತಲೇ ಇದ್ದಾರೆ. ಆದರೆ ಒಂದು ನಷ್ಟವಾಯಿತು. 1860ರ ದಂಡ ಸಂಹಿತೆಯ 420ನೇ ಕಲಂ, ನಮ್ಮ ಅಜ್ಜಂದಿರು ಬಾಯ್ತುಂಬ ಬೈಯುತ್ತಿದ್ದ ಫೋರ್ ಟ್ವೆಂಟಿ, 2024ರ ಜುಲೈ 1ಕ್ಕೆ ರಿಟೈರ್ ಆಯಿತು. ಹೊಸ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318. ಯಾರಿಗಾದರೂ '318 ನನ್ ಮಗನೆ' ಅಂತ ಬೈದು ನೋಡಿ. ಸಿಟಿ ಬಸ್ ನಂಬರ್ ಥರ ಕೇಳುತ್ತದೆ.

'ಕಾನ್‌ಮನ್' ಅಂದರೆ ನಂಬಿಕೆಯ ಮನುಷ್ಯ. 1849ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಲಿಯಂ ಥಾಂಪ್ಸನ್ ಅಂತ ಒಬ್ಬ ಸಿಕ್ಕಿಬಿದ್ದ. ಒಳ್ಳೆ ಬಟ್ಟೆ ಹಾಕಿಕೊಂಡು ಬೀದಿಯಲ್ಲಿ ಪರಿಚಯದವನ ಹಾಗೆ ಮಾತಾಡಿಸುತ್ತಿದ್ದ. ಆಮೇಲೆ, ನನ್ನ ಮೇಲೆ ನಂಬಿಕೆ ಇದ್ದರೆ ನಿಮ್ಮ ಗಡಿಯಾರ ನಾಳೆವರೆಗೆ ಕೊಡಿ ಅಂತ ಕೇಳುತ್ತಿದ್ದ. ಜನ ಕೊಡುತ್ತಿದ್ದರು! ನಾವು ನಗಬಾರದು. ಅವನು ಗಡಿಯಾರ ಕೇಳಿದ, ಇವರು ಒಟಿಪಿ ಕೇಳುತ್ತಾರೆ. ಮೋಸ ಹೋದವನಿಗೂ ಅವರಲ್ಲಿ ಹೆಸರಿದೆ, 'ಡ್ಯೂಪ್'. ಅದು ಫ್ರೆಂಚರ ಚಂದ್ರಮುಕುಟ ಹಕ್ಕಿಯಿಂದ ಬಂತಂತೆ. ಪರವಾಗಿಲ್ಲ, ಹಕ್ಕಿಯಾದರೂ ಹಾರಿಹೋಗುತ್ತದೆ. ನಮ್ಮಲ್ಲಿ ಬಕ್ರಾ.

ನಮ್ಮ ಓಣಿಯಲ್ಲೇ ಒಬ್ಬ ಅಕ್ಕ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಬಂದ ದುಡ್ಡು, ಮಗಳ ಮದುವೆಗೆ ಅಂತ ಇಟ್ಟದ್ದು, ಷೇರು ಅಂತ ಹೋಯಿತು. ದೂರು ಬರೆದುಕೊಂಡವರು ಕೇಳಿದರು, "ಓದಿದೋರು ನೀವು, ಯಾಕ್ರೀ ಕೊಟ್ರಿ?" ನೆಂಟರೂ ಅದನ್ನೇ ಕೇಳಿದರು. ಸುಳ್ಳು ಯಾಕೆ, ನಾನೂ ಕೇಳಿದೆ. ಅವನು ಯಾಕೆ ತಗೊಂಡ ಅಂತ ಒಬ್ಬರೂ ಕೇಳಲಿಲ್ಲ. ಸಿಮ್ ಯಾರು ಕೊಟ್ಟರು? ಕಮಿಷನ್ನಿಗೆ ಬ್ಯಾಂಕ್ ಖಾತೆ ಬಾಡಿಗೆ ಬಿಟ್ಟವರು ಯಾರು? ಒಂದೇ ಮಧ್ಯಾಹ್ನ ದುಡ್ಡು ಖಾತೆಯಿಂದ ಖಾತೆಗೆ ಹಾರುವಾಗ ಯಾರಿಗೂ ಎಚ್ಚರವಿರಲಿಲ್ಲವಾ? ನಮ್ಮ ಖಾತೆಯಲ್ಲಿ ಐವತ್ತು ರೂಪಾಯಿ ಕಡಿಮೆಯಾದರೆ ದಂಡ ಹಾಕಲು ಎಚ್ಚರ ಇರುತ್ತದಲ್ಲ. ಸಾಕಾಗಿದೆ. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೂ ಸಾಕಾಗಿದೆ.

ಇಂಥ ಸುದ್ದಿಯ ಕೊನೆಗೆಲ್ಲ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಂತ ಇರುತ್ತದೆ. ಉಪ್ಪಿನ ಸತ್ಯಾಗ್ರಹದ ಇಸವಿ. ಉಪ್ಪು ತಿಂದವನು ನೀರು ಕುಡಿಯಬೇಕು ಅಂತಾರೆ. ಇಲ್ಲಿ ತಿಂದವನು ಒಬ್ಬ, ನೀರು ಕುಡಿಯುತ್ತಿರುವವರು ಇನ್ನೊಬ್ಬರು.

ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. "ದಿನಾ ಊಟ ಆತೇನಕ್ಕಾ ಅಂತ ಕೇಳ್ತಿದ್ದ ಕಣೋ" ಅಂದರು. ದೂರಿಗೆ ಬೇಕು ಅಂತ ಅವನ ನಂಬರ್ ತೆಗೆದು ತೋರಿಸಿದರು. ಮೊಬೈಲ್‌ನಲ್ಲಿ ಇನ್ನೂ 'ಷೇರು ತಮ್ಮ' ಅಂತಲೇ ಸೇವ್ ಆಗಿದೆ.