ಸಾಧ್ಯವೇ ಇಲ್ಲ, ಆದ್ದರಿಂದ ಆಗಿಲ್ಲ

2024ರ ಡಿಸೆಂಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವರು ಕೇರಳಕ್ಕೆ ಬಂದು, 150 ಎಕರೆ ಜಾಗ ಕೊಟ್ಟರೆ ಅಣುಸ್ಥಾವರ ಆಗಬಹುದು ಎಂಬರ್ಥದ ಮಾತಾಡಿ ಹೋದರು. ಬೆನ್ನಿಗೇ ಪತ್ರಿಕೆಗಳಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಚೀಮೇನಿಯ ಹೆಸರು ಬಂತು. ಅಂದಿನಿಂದ ಬದಿಯಡ್ಕದ ಚಹಾ ಹೋಟೆಲಿನಲ್ಲಿ ಅಣುವಿಜ್ಞಾನಿಗಳಿಗೆ ಬರ ಇಲ್ಲ. ಕೆಲವರಿಗೆ ವಿಕಿರಣದ ಚಿಂತೆ. ಅದು ಸಹಜ, ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ‘ಏನೂ ಆಗುವುದಿಲ್ಲ’ ಎಂದೇ ಹೇಳಿದ್ದರು, ಆದದ್ದನ್ನು ಎಣ್ಮಕಜೆಯವರನ್ನು ಕೇಳಬೇಕು. ಇನ್ನು ಕೆಲವರಿಗೆ ಸೆಂಟ್ಸು ಜಾಗಕ್ಕೆ ಎಷ್ಟು ಸಿಕ್ಕೀತು ಎಂಬ ಲೆಕ್ಕ. ಸ್ಥಾವರದ ಕಂಪ್ಯೂಟರಿಗೆ ಯಾರು ಕಾವಲು ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಆ ವಿಷಯ ಎದ್ದದ್ದು ದೊಡ್ಡಮ್ಮನ ಮಗ ಇಂಗ್ಲೆಂಡಿನಿಂದ ಬಂದಿದ್ದಾಗ. ಅವನಿಗೆ ಅಲ್ಲಿ ಅದೇ ಕೆಲಸ: ನಾಗರಿಕ ಅಣು ಉದ್ಯಮದ ಸೈಬರ್ ಭದ್ರತಾ ಇನ್ಸ್‌ಪೆಕ್ಟರ್. ಮಾವನಿಗೆ ‘ಇನ್ಸ್‌ಪೆಕ್ಟರ್’ ಎಂಬುದಷ್ಟೇ ಕೇಳಿಸಿತು.

“ಜೀಪು ಕೊಟ್ಟಿದ್ದಾರಾ?”

“ಇಲ್ಲ ಮಾವ.”

“ಟೋಪಿ?”

“ಅದೂ ಇಲ್ಲ.”

“ಮತ್ತೆ ನಿನಗೆ ಹೆದರುವುದು ಯಾರು ಮಾರಾಯ?”

ಹೆದರುತ್ತಾರಂತೆ. ಇವನು ಸ್ಥಾವರಕ್ಕೆ ಹೋಗಿ ಕೇಳುವುದು ಬಹಳ ಸಣ್ಣ ಪ್ರಶ್ನೆಗಳನ್ನು. ಈ ಪಂಪಿಗೆ ಆಜ್ಞೆ ಕೊಡುವ ಕಂಪ್ಯೂಟರ್ ಯಾವುದು? ಅದರ ಪಾಸ್‌ವರ್ಡ್ ಯಾರ ಯಾರ ಬಳಿ ಉಂಟು? ರಿಪೇರಿಗೆ ಬರುವ ಗುತ್ತಿಗೆದಾರನ ಲ್ಯಾಪ್‌ಟಾಪನ್ನು ಯಾರು ನೋಡಿದರು? ಬ್ಯಾಕಪ್ ತೆಗೆದಿದ್ದೀರಿ ಸರಿ, ಅದನ್ನು ವಾಪಸು ಹಾಕಿ ನೋಡಿದ್ದೀರಾ? ಕೊನೆಯ ಪ್ರಶ್ನೆಗೆ ಹೆಚ್ಚಿನವರು ಕೆಮ್ಮುತ್ತಾರಂತೆ.

ಉತ್ತರ ಸರಿ ಇಲ್ಲದಿದ್ದರೆ ಕೋರ್ಟು. ಸೆಲ್ಲಾಫೀಲ್ಡ್ ಎಂದರೆ ಬ್ರಿಟನ್ನಿನ ಅಣುತ್ಯಾಜ್ಯದ ದೊಡ್ಡ ಉಗ್ರಾಣ. ಅಲ್ಲಿ ವರ್ಷಕ್ಕೊಮ್ಮೆ ಮಾಡಿಸಬೇಕಾದ ಕಂಪ್ಯೂಟರ್ ತಪಾಸಣೆ ಮಾಡಿಸಿರಲಿಲ್ಲ, ಗುಟ್ಟಿನ ಮಾಹಿತಿಗೆ ತಕ್ಕ ರಕ್ಷಣೆ ಇರಲಿಲ್ಲ. ನಿಯಂತ್ರಣ ಸಂಸ್ಥೆ ಕೇಸು ಹಾಕಿತು, ಅವರು ತಪ್ಪೊಪ್ಪಿಕೊಂಡರು, 2024ರ ಅಕ್ಟೋಬರಿನಲ್ಲಿ 3,32,500 ಪೌಂಡ್ ದಂಡ ಬಿತ್ತು. ಗಮನಿಸಿ, ಯಾರೂ ಒಳಗೆ ನುಗ್ಗಿದ್ದಕ್ಕೆ ಪುರಾವೆ ಇರಲಿಲ್ಲ. ನುಗ್ಗಬಹುದಾಗಿತ್ತು ಎಂಬುದಕ್ಕೇ ದಂಡ. ಸೆಲ್ಲಾಫೀಲ್ಡ್ ಸರ್ಕಾರದ್ದೇ ಸಂಸ್ಥೆಯಾದ್ದರಿಂದ ದುಡ್ಡು ಎಡಗಿಸೆಯಿಂದ ಬಲಗಿಸೆಗೆ ಹೋಯಿತು ಎನ್ನಿ. ಆದರೂ ಊರಿಡೀ ಕೇಳುವ ಹಾಗೆ ಹೋಯಿತು.

“ಏನೂ ಆಗದಿದ್ದಕ್ಕೆ ದಂಡವಾ!” ಎಂದು ಮಾವ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಇಲ್ಲಿ ಆದದ್ದಕ್ಕೇ ಇಲ್ಲವಲ್ಲ.

ಆದದ್ದು ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದಲ್ಲಿ. 2019ರ ಅಕ್ಟೋಬರ್ ಕೊನೆಗೆ, ಅಲ್ಲಿನ ಕಂಪ್ಯೂಟರಿಗೆ ಡಿಟ್ರ್ಯಾಕ್ ಎಂಬ ಮಾಲ್‌ವೇರ್, ಅಂದರೆ ಕೇಡು ಮಾಡುವ ತಂತ್ರಾಂಶ, ಹೊಕ್ಕಿದೆ ಎಂದು ಸುದ್ದಿ ಹಬ್ಬಿತು. ಆ ಮಾಲ್‌ವೇರಿನ ಮಾದರಿಯೊಳಗೆ ಸ್ಥಾವರದ ಜಾಲದ ಹೆಸರೇ ಬರೆದಿತ್ತು. ದಾರಿ ತಪ್ಪಿ ಬಂದ ಅತಿಥಿ ಅಲ್ಲ, ವಿಳಾಸ ಹಿಡಿದುಕೊಂಡೇ ಬಂದವನು. ಅಕ್ಟೋಬರ್ 29ಕ್ಕೆ ಸ್ಥಾವರದಿಂದ ಪ್ರಕಟಣೆ: ಸುಳ್ಳು ಸುದ್ದಿ ಹಬ್ಬಿಸುತ್ತಿದ್ದಾರೆ, ನಮ್ಮ ನಿಯಂತ್ರಣ ವ್ಯವಸ್ಥೆಗೆ ಹೊರಗಿನ ಜಾಲದ ಸಂಪರ್ಕವಿಲ್ಲ, ಅದರ ಮೇಲೆ ಸೈಬರ್ ದಾಳಿ ಸಾಧ್ಯವೇ ಇಲ್ಲ. ಅಕ್ಟೋಬರ್ 30ಕ್ಕೆ ಅದರ ಮಾತೃಸಂಸ್ಥೆ ಅಣುವಿದ್ಯುತ್ ನಿಗಮದಿಂದ ಪ್ರಕಟಣೆ: ಮಾಲ್‌ವೇರ್ ಸಿಕ್ಕಿದ್ದು ನಿಜ. ದೇಶದ ಸೈಬರ್ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಅದನ್ನು ತಿಳಿಸಿದ್ದು ಸೆಪ್ಟೆಂಬರ್ 4ಕ್ಕೆ. ಆಡಳಿತ ಕೆಲಸದ ಜಾಲದಲ್ಲಿದ್ದ ಒಂದು ಕಂಪ್ಯೂಟರ್ ಅಷ್ಟೇ, ಸ್ಥಾವರದ ವ್ಯವಸ್ಥೆಗೆ ತೊಂದರೆ ಆಗಿಲ್ಲ.

ನ್ಯಾಯವಾಗಿ ನೋಡಿದರೆ ಮೊದಲ ದಿನದ ಪ್ರಕಟಣೆಯಲ್ಲೂ ಅಕ್ಷರಶಃ ಸುಳ್ಳಿಲ್ಲ. ಮನೆಗೆ ಕಳ್ಳ ನುಗ್ಗಿದ್ದು ಹೌದಾ ಎಂದು ನೆರೆಯವರು ಕೇಳಿದಾಗ ‘ನಮ್ಮ ಕಪಾಟಿನ ಬೀಗ ಬಹಳ ಗಟ್ಟಿ’ ಎಂದ ಹಾಗೆ. ಮರುದಿನ, ‘ಕಳ್ಳ ಬಂದದ್ದು ಹೌದು, ಚಾವಡಿಯಲ್ಲಿ ಮಾತ್ರ ಕೂತಿದ್ದ, ನಮಗೆ ಎರಡು ತಿಂಗಳ ಹಿಂದೆಯೇ ಗೊತ್ತಿತ್ತು.’

ಹೊರಗಿನ ದಾಳಿಯನ್ನು ತಡೆಯುವ ಕಂಪ್ಯೂಟರ್ ಬೇಲಿಗೆ ಫೈರ್‌ವಾಲ್ ಎನ್ನುತ್ತಾರೆ. ದೇಶದ ಅತ್ಯಂತ ಅಗ್ಗದ ಫೈರ್‌ವಾಲ್ ಇದು. ಲೈಸೆನ್ಸ್ ಬೇಡ, ಅಪ್‌ಡೇಟ್ ಬೇಡ, ಕರೆಂಟು ಹೋದರೂ ನಡೆಯುತ್ತದೆ. ‘ಸಾಧ್ಯವೇ ಇಲ್ಲ’ ಎಂದು ಲೆಟರ್‌ಹೆಡ್ಡಿನಲ್ಲಿ ಟೈಪು ಮಾಡಿ ಸೀಲು ಒತ್ತಿದರೆ ಸಾಕು.

ಹೊರಗಿನ ಸಂಪರ್ಕವೇ ಇಲ್ಲದ ಮೇಲೆ ಈ ಮಾಲ್‌ವೇರ್ ಹುಳ ಎಲ್ಲಿಂದ ಬರುತ್ತದೆ ಎಂದು ಮಾವನೂ ವಾದಿಸಿದರು. ಪೆನ್‌ಡ್ರೈವಿನಲ್ಲಿ. ಇರಾನಿನ ನತಾಂಜ್ ಅಣುಕೇಂದ್ರದಲ್ಲಿ ಇಂಟರ್ನೆಟ್ಟಿಗೆ ಸೇರದೆ ಇದ್ದ ಯಂತ್ರಗಳನ್ನೇ ಸ್ಟಕ್ಸ್‌ನೆಟ್ ಎಂಬ ಹುಳ ಕೆಡಿಸಿತ್ತು. ಅದು ಬೆಳಕಿಗೆ ಬಂದದ್ದು 2010ರಲ್ಲಿ. ಜರ್ಮನಿಯ ಗುಂಡ್ರೆಮಿಂಗೆನ್ ಸ್ಥಾವರದಲ್ಲಿ 2016ರಲ್ಲಿ ಹುಡುಕಿದಾಗ 18 ಡ್ರೈವುಗಳಲ್ಲಿ, ಹೆಚ್ಚಿನವು ಪೆನ್‌ಡ್ರೈವುಗಳೇ, ವೈರಸ್ ಇತ್ತು. ಅಮೆರಿಕದ ಡೇವಿಸ್-ಬೆಸ್ಸಿ ಸ್ಥಾವರದ ಕಥೆ ಇನ್ನೂ ಚೆಂದ: 2003ರ ಜನವರಿಯಲ್ಲಿ ಸ್ಲ್ಯಾಮರ್ ಹುಳ ಫೈರ್‌ವಾಲನ್ನು ಮುಟ್ಟಲೇ ಇಲ್ಲ, ಗುತ್ತಿಗೆದಾರನಿಗೆಂದು ಎಳೆದಿದ್ದ ಬೇರೆ ಲೈನಿನಲ್ಲಿ ಬಂತು. ಸುರಕ್ಷತಾ ಮಾಹಿತಿ ತೋರಿಸುವ ಪರದೆ ಸುಮಾರು ಐದು ಗಂಟೆ ಮಲಗಿತು. ಪುಣ್ಯಕ್ಕೆ ರಿಯಾಕ್ಟರ್ ಆಗ ಓಡುತ್ತಿರಲಿಲ್ಲ. ಹುಳ ನುಗ್ಗಿದ ತಂತ್ರಾಂಶದ ರಂಧ್ರ ಮುಚ್ಚುವ ಪ್ಯಾಚ್ ಬಂದು ಆರು ತಿಂಗಳಾಗಿತ್ತು. ಯಾರೂ ಹಾಕಿರಲಿಲ್ಲ.

ನಮ್ಮಲ್ಲಿ ಇದನ್ನೆಲ್ಲ ನೋಡುವವರು ಯಾರು? ಕೂಡಂಕುಳಂನ ಸೋಂಕನ್ನು ತನಿಖೆ ಮಾಡಿದ್ದು ಅಣುಶಕ್ತಿ ಇಲಾಖೆಯ ತಜ್ಞರು. ಸ್ಥಾವರ ನಡೆಸುವ ನಿಗಮವೂ ಅದೇ ಇಲಾಖೆಯ ಕೆಳಗೆ. ಓತಿಕೇತನಿಗೆ ಬೇಲಿ ಗೂಟ ಸಾಕ್ಷಿ. 1983ರಲ್ಲಿ ಹುಟ್ಟಿದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವತಂತ್ರ ಅಧಿಕಾರವಿಲ್ಲ, ಅದು ಸರ್ಕಾರದ ಅಧೀನ ಸಂಸ್ಥೆಯೇ ಎಂದು 2012ರಲ್ಲಿ ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿ ವರದಿ ಬರೆಯಿತು. ಅದಕ್ಕೂ ಮೊದಲೇ, 2011ರಲ್ಲಿ ತಂದಿದ್ದ ಸ್ವತಂತ್ರ ಪ್ರಾಧಿಕಾರದ ಮಸೂದೆ ಲೋಕಸಭೆಯ ಅವಧಿಯೊಂದಿಗೇ ಸತ್ತಿತು. ಈಗ 2025ರ ಡಿಸೆಂಬರಿನ ಹೊಸ ಕಾನೂನು ಮಂಡಳಿಗೆ ಶಾಸನದ ಕುರ್ಚಿ ಕೊಟ್ಟಿದೆ, ಖಾಸಗಿಯವರಿಗೆ ಬಾಗಿಲನ್ನೂ ತೆರೆದಿದೆ. ಕುರ್ಚಿ ಬಂತಲ್ಲ, ಸಂತೋಷ. ಅದರಲ್ಲಿ ಕೂತವರು ಕೋರ್ಟಿನ ಮೆಟ್ಟಿಲು ಹತ್ತುತ್ತಾರಾ ಎಂಬುದನ್ನು ನೋಡಬೇಕು.

ಮರುದಿನ ಆಧಾರ್ ಕೆಲಸಕ್ಕೆಂದು ಮಾವನ ಜೊತೆ ಇನ್ಸ್‌ಪೆಕ್ಟರನೂ ಪೇಟೆಯ ಆನ್‌ಲೈನ್ ಸೇವಾ ಕೇಂದ್ರಕ್ಕೆ ಬಂದ. ಬರಬಾರದಿತ್ತು. ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣಗಳಲ್ಲಿ ಕೇಳುತ್ತೇವಲ್ಲ, ಅದನ್ನು ಕಣ್ಣಾರೆ ಕಾಣಬೇಕಾದರೆ ಓಟಿಪಿ ಹೇಳುವ ಹೊತ್ತಿಗೆ ಅಲ್ಲಿರಬೇಕು. ಕೌಂಟರಿನ ಹುಡುಗಿ ಮಲಯಾಳದಲ್ಲಿ “ಓಟಿಪಿ ಬಂತಾ” ಎಂದು ಕೇಳಿದಳು. ಮಾವ ಕನ್ನಡದಲ್ಲಿ ಗಟ್ಟಿಯಾಗಿ ಓದಿದರು. ಅವಳಿಗೆ ತಿಳಿಯಲಿಲ್ಲ. ಬೆಂಚಿನಲ್ಲಿದ್ದ ಬ್ಯಾರಿ ಒಬ್ಬರು ಅದನ್ನು ಮಲಯಾಳಕ್ಕೆ ತಂದರು, ಬಾಗಿಲ ಬಳಿಯ ಅಕ್ಕ ತುಳುವಿನಲ್ಲಿ “ಕೊನೆಯದು ಏಳಲ್ಲ, ಒಂಬತ್ತು” ಎಂದು ತಿದ್ದಿದರು. ಮಾನಿಟರಿನ ಅಂಚಿನಲ್ಲಿ ಹಳದಿ ಚೀಟಿ, ಅದರಲ್ಲಿ ಪಾಸ್‌ವರ್ಡ್, ಅದಕ್ಕೆ ಸೆಲ್ಲೋಟೇಪ್. ಗೋಡೆಯಲ್ಲಿ ದೊಡ್ಡಕ್ಷರದ ಬೋರ್ಡು: ಓಟಿಪಿಯನ್ನು ಯಾರಿಗೂ ಹೇಳಬೇಡಿ. ಅದು ಮಲಯಾಳದಲ್ಲಿತ್ತು, ನಮ್ಮವರಿಗೆ ಆ ಬೋರ್ಡೇ ಎನ್‌ಕ್ರಿಪ್ಷನ್, ಗುಪ್ತಲಿಪಿ.

ಇನ್ಸ್‌ಪೆಕ್ಟರ್ ಅಭ್ಯಾಸಬಲದಿಂದ ಚೀಟಿಯ ಕಡೆ ಬೆರಳು ತೋರಿಸಿದ. ಅವಳು ನಕ್ಕು “ಸಾರಮಿಲ್ಲ” ಎಂದಳು, ಅಂದರೆ ಪರವಾಗಿಲ್ಲ. ಅವಳನ್ನು ಬೈದು ಪ್ರಯೋಜನವಿಲ್ಲ. ಅವಳಿಗೆ ಸಿಗುವ ಸಂಬಳದಲ್ಲಿ ಹನ್ನೆರಡು ವೆಬ್‌ಸೈಟಿನ ಪಾಸ್‌ವರ್ಡ್ ನೆನಪಿಡು ಎಂದರೆ ಯಾರಾದರೂ ಚೀಟಿಯನ್ನೇ ಅಂಟಿಸಿಯಾರು.

ಇಷ್ಟರ ಮೇಲೂ ಚೀಮೇನಿಗೆ ಸ್ಥಾವರ ಬರುವುದೇ ಆದರೆ ನನ್ನದೊಂದು ಸಲಹೆ. ಸೈಬರ್ ಇನ್ಸ್‌ಪೆಕ್ಟರ್ ಹುದ್ದೆಗೆ ಪಿಎಸ್‌ಸಿ ಪರೀಕ್ಷೆ, ರ್‍ಯಾಂಕ್ ಲಿಸ್ಟು, ಮತ್ತೆ ಆ ಲಿಸ್ಟಿನ ಅವಧಿ ವಿಸ್ತರಿಸಿ ಎಂದು ಸೆಕ್ರೆಟರಿಯೇಟಿನ ಎದುರು ಧರಣಿ, ಇದೆಲ್ಲ ಬೇಡ. ಶಿಲಾನ್ಯಾಸದ ದಿನವೇ ಪತ್ರಿಕಾ ಪ್ರಕಟಣೆಯನ್ನು ಅಚ್ಚು ಹಾಕಿಸಿಡಬಹುದು:

‘ದಿನಾಂಕ ......... ರಂದು ಸ್ಥಾವರದಲ್ಲಿ ಸೈಬರ್ ದಾಳಿ ನಡೆದಿದೆ ಎಂಬುದು ಸುಳ್ಳು. ಅಂಥದ್ದು ಸಾಧ್ಯವೇ ಇಲ್ಲ. ಮರುದಿನ ಓದಬೇಕಾದ ಪ್ರಕಟಣೆಗೆ ಪುಟ ತಿರುಗಿಸಿ. ಕನ್ನಡ ಪ್ರತಿ ಬೇಕಾದ ಭಾಷಾ ಅಲ್ಪಸಂಖ್ಯಾತರು ಲಿಖಿತ ಅರ್ಜಿ ಸಲ್ಲಿಸಬೇಕು. ಅರ್ಜಿ ನಮೂನೆ ಮಲಯಾಳದಲ್ಲಿ ದೊರೆಯುತ್ತದೆ.’