ಸತ್ಯಾಂಶ: ಉತ್ತರ ಧ್ರುವದ ಬಿರುಗಾಳಿ ಆಗುಂಬೆಗೆ ಬರುತ್ತಾ?

"ಉತ್ತರ ಧ್ರುವದ ಹಿಮ ಕರಗಿ, ಅಲ್ಲಿನ ಬಿರುಗಾಳಿಗಳು ಕೆಳಗೆ ಜಾರುತ್ತಿವೆ. ಮಲೆನಾಡಿನ ಜಡಿಮಳೆಗೆ ಅದೇ ಕಾರಣ." ಶಿವಮೊಗ್ಗ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಿರುವ ಮಾತು ಇದು. ಹಿಮ ಕರಗುತ್ತಿರುವುದು ನಿಜ. ಉಳಿದದ್ದು ಉಲ್ಟಾ.

ಉತ್ತರದ ದೊಡ್ಡ ಬಿರುಗಾಳಿಗಳ ದಾರಿ ಇರುವುದು ಧ್ರುವದಲ್ಲಲ್ಲ, ಹೆಚ್ಚಾಗಿ 40ರಿಂದ 60 ಡಿಗ್ರಿ ಅಕ್ಷಾಂಶದಲ್ಲಿ. ಆಗುಂಬೆ ಇರುವುದು ಸುಮಾರು 13.5 ಡಿಗ್ರಿಯಲ್ಲಿ. ಭೂಮಿ ಬಿಸಿಯಾದಂತೆ ಆ ದಾರಿ ಒಟ್ಟಾರೆ ಧ್ರುವದ ಕಡೆಗೇ ಸರಿಯುತ್ತದೆ, ನಮ್ಮ ಕಡೆಗಲ್ಲ. ದಕ್ಷಿಣ ಗೋಳಾರ್ಧದಲ್ಲಿ ಇದು ಆಗಲೇ ಕಂಡಿದೆ. ಅಲ್ಲಿ ಓಝೋನ್ ರಂಧ್ರದ ಪಾಲೂ ಇದೆ ಅನ್ನಿ.

ಉತ್ತರದಲ್ಲಿ ಲೆಕ್ಕ ಅಷ್ಟು ಸಲೀಸಲ್ಲ. ಈ ಬಿರುಗಾಳಿಗಳಿಗೆ ಶಕ್ತಿ ಸಿಗುವುದೇ ಬಿಸಿ ಮತ್ತು ತಂಪು ಗಾಳಿಯ ವ್ಯತ್ಯಾಸದಿಂದ. 1979ರಿಂದ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಹಾಗಾಗಿ ನೆಲದ ಹತ್ತಿರ ವ್ಯತ್ಯಾಸ ಇಳಿಯುತ್ತದೆ. ಆದರೆ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಉಷ್ಣವಲಯವೇ ಜಾಸ್ತಿ ಬಿಸಿಯಾಗಿ ವ್ಯತ್ಯಾಸ ಏರುತ್ತದೆ. ಒಂಥರಾ ಹಗ್ಗಜಗ್ಗಾಟ. ನನಗೆ ಕೇಳಿದರೆ, ಬಿರುಗಾಳಿಗಳ ಸಂಖ್ಯೆಗಿಂತ ಅವು ಸುರಿಸುವ ಮಳೆಯೇ ದೊಡ್ಡ ಚಿಂತೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು.

ಅಲಾಸ್ಕಾದ ಕರಾವಳಿಯಲ್ಲಿ ಇನ್ನೊಂದು ಪೇಚು. ಮೊದಲು ಸಮುದ್ರದ ಹಿಮವೇ ಅಲೆಗಳನ್ನು ತಡೆಯುತ್ತಿತ್ತು. ಈಗ ಅದು ತಡವಾಗಿ ಕಟ್ಟುತ್ತದೆ. ಅಷ್ಟರಲ್ಲಿ ಬಿರುಗಾಳಿ ಬಂದರೆ ದಡವೇ ಕೊಚ್ಚಿಹೋಗುತ್ತದೆ.

ನಮ್ಮ ಮಳೆಗಾಲದ ಮಳೆ ಅರಬ್ಬಿ ಸಮುದ್ರದ ತೇವ ಹೊತ್ತ ನೈಋತ್ಯ ಮಾರುತದ್ದು. ಘಟ್ಟಕ್ಕೆ ಬಡಿದು, ಮೇಲೇರಿ, ತಣ್ಣಗಾಗಿ ಸುರಿಯುತ್ತದೆ. ಆ ಸಮುದ್ರವೂ ಬಿಸಿಯಾಗುತ್ತಿದೆ. ಅಡಿಕೆಗೆ ಕೊಳೆ ಬಂತು ಅಂತ ಬೈಯುವುದೇ ಆದರೆ, ಉತ್ತರಕ್ಕಲ್ಲ, ಪಶ್ಚಿಮಕ್ಕೆ ತಿರುಗಿ ಬೈಯಿರಿ.